ಕೂಸು ಯಾರ ಮಡಿಲಲ್ಲಿ?

ಹಂಪಿಯ ಹೇಮಕೂಟದ ಇಳಿಜಾರಿನಲ್ಲಿ ಸಾಸಿವೆಕಾಳು ಗಣಪತಿ ಕುಳಿತಿದ್ದಾನೆ. ಒಂದೇ ಬಂಡೆಯಲ್ಲಿ ಕಡೆದ ವಿಗ್ರಹ. ಎತ್ತರ ಸುಮಾರು ಎಂಟು ಅಡಿ. ಸುತ್ತಲೂ ತೆರೆದ ಮಂಟಪ. ಪ್ರವಾಸಕ್ಕೆ ಬಂದ ಸಂಸಾರಗಳು ಎದುರಿಗೆ ನಿಂತು ಕೈಮುಗಿದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆದುಕೊಂಡು, ಕಡಲೆಕಾಳು ಗಣಪತಿಯತ್ತ ನಡೆದುಬಿಡುತ್ತವೆ. ಹಿಂದಕ್ಕೆ ಸುತ್ತಿ ಹೋಗಿ ನೋಡುವವರು ಕಡಿಮೆ. ನೋಡಿದವರಿಗೆ ಅಲ್ಲಿ ಕಾಣುವುದು ಗಣಪತಿಯ ಬೆನ್ನಲ್ಲ, ಒಬ್ಬ ಹೆಂಗಸಿನ ಬೆನ್ನು. ತಾಯಿ ಪಾರ್ವತಿಯ ಮಡಿಲಲ್ಲಿ ಮಗ ಕುಳಿತಿರುವಂತೆ ಶಿಲ್ಪಿ ಕಡೆದಿದ್ದಾನೆ. ಎದುರಿನಿಂದ ಮಗನೊಬ್ಬನೇ ಕಾಣುತ್ತಾನೆ. ಮಡಿಲು ಕೊಟ್ಟವಳು ಕಾಣುವುದಿಲ್ಲ.

ಆ ಸೀಮೆಯ ಮನೆವಾರ್ತೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಕೂಸು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕೆ ದೃಷ್ಟಿಬೊಟ್ಟು ಇಡುವವರಿದ್ದಾರೆ, ಗಲ್ಲ ಹಿಂಡುವವರಿದ್ದಾರೆ, ಅಪ್ಪನ ಹೋಲಿಕೆಯೋ ಅವ್ವನ ಹೋಲಿಕೆಯೋ ಎಂದು ತೀರ್ಪು ಕೊಡುವವರಂತೂ ಓಣಿಗೆ ಹತ್ತು ಮಂದಿ. ಆದರೆ ಬೆಳಗಿನಿಂದ ಬೈಗಿನವರೆಗೆ ಅದು ಯಾರ ಮಡಿಲಲ್ಲಿ ಇರುತ್ತದೆ ಎಂಬುದನ್ನು ತಿಳಿಯಬೇಕಾದರೆ ಹಿಂದಕ್ಕೆ ಸುತ್ತಿಯೇ ನೋಡಬೇಕು. ಹಾಗೆ ನೋಡಿದರೆ ಎಷ್ಟೋ ಕಡೆ ತಾಯಿಯೂ ಅಲ್ಲಿರುವುದಿಲ್ಲ. ಎಂಟು ಒಂಬತ್ತು ವರ್ಷದ ಅಕ್ಕನೊಬ್ಬಳು ಸೊಂಟವನ್ನು ಒಂದು ಕಡೆಗೆ ವಾಲಿಸಿ, ತನ್ನ ಅರ್ಧದಷ್ಟು ಭಾರದ ತಮ್ಮನನ್ನು ಹೊತ್ತು ನಿಂತಿರುತ್ತಾಳೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಒಂದಕ್ಕೊಂದು ಕೂಗಳತೆಯ ಊರುಗಳಲ್ಲವಾದರೂ ನಂಟಸ್ತನದ ಅಳತೆಯಲ್ಲಿ ಬಹಳ ಹತ್ತಿರ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಮೊದಲ ಎರಡು ಅದಕ್ಕೆ ಸೇರಿದವು. ಉಳಿದೆರಡು ಬಳ್ಳಾರಿಯಲ್ಲೇ ಉಳಿದವು. ಬಾಣಂತನಕ್ಕೆ ತವರಿಗೆ ಹೋಗುವ ಹೆಣ್ಣುಮಗಳಿಗೆ ಈ ಗಡಿಯ ಗೊಡವೆಯಿಲ್ಲ. ಆದರೆ ಊರಿಂದ ಊರಿಗೆ ದುಡಿಮೆಯ ಬಗೆ ಬೇರೆ, ದುಡಿಮೆಯ ಬಗೆಯಂತೆ ಕೂಸಿನ ದಿನವೂ ಬೇರೆ.

ಮೊದಲು ಹೊಸಪೇಟೆಯನ್ನೇ ತೆಗೆದುಕೊಳ್ಳೋಣ. ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. ಬಾಳೆಯ ತೋಟಗಳ ನಡುವಿನ ಈ ಪೇಟೆಯನ್ನು ಪಟ್ಟಣವಾಗಿ ಬೆಳೆಸಿದ್ದು ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ಮುಗಿದ ಆ ಕಟ್ಟಡ ಬಹುಮಟ್ಟಿಗೆ ಕಲ್ಲು ಗಾರೆಯದು. ಗಂಡಸರೊಡನೆ ಹೆಂಗಸರೂ ತಲೆಯ ಮೇಲೆ ಬುಟ್ಟಿ ಹೊತ್ತು ಏರಿದ ಗೋಡೆ ಅದು. ಮೂವತ್ತಮೂರು ಬಾಗಿಲುಗಳ ಆ ಅಣೆಯನ್ನು ನೋಡಿ ಬೆರಗಾಗುವವರು ಬುಟ್ಟಿ ಹೊತ್ತವರ ಕೂಸುಗಳು ಆಗ ಎಲ್ಲಿದ್ದವು ಎಂದು ಕೇಳುವುದಿಲ್ಲ. ಮರದ ಕೊಂಬೆಗೆ ಹಳೆಯ ಸೀರೆ ಕಟ್ಟಿದ ಜೋಲಿ ಇದ್ದಲ್ಲಿ, ಅದನ್ನು ತೂಗಲು ಒಂದು ಪುಟ್ಟ ಕೈಯೂ ಇದ್ದೇ ಇರಬೇಕು.

ಇಂದಿನ ಹೊಸಪೇಟೆಯ ನಡುತರಗತಿಯ ಮನೆಗಳಲ್ಲಿ ಜೋಲಿಯ ಬದಲು ಕಬ್ಬಿಣದ ತೊಟ್ಟಿಲು ಬಂದಿದೆ, ಪ್ರಶ್ನೆ ಮಾತ್ರ ಅದೇ ಉಳಿದಿದೆ. ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಒಂದು ವಾರ ಹಗಲು, ಒಂದು ವಾರ ರಾತ್ರಿ. ಹೆಂಡತಿ ಶಾಲೆಯಲ್ಲೋ ಅಂಗಡಿಯಲ್ಲೋ ಬ್ಯಾಂಕಿನಲ್ಲೋ ದುಡಿಯುತ್ತಾಳೆ. ತವರಿನಿಂದ ಬಾಣಂತಿ ಕೂಸಿನೊಡನೆ ಮರಳಿದ ವಾರದಲ್ಲೇ ಮನೆಯಲ್ಲಿ ಒಂದು ಸಮಾಲೋಚನಾ ಸಭೆ ಕೂಡುತ್ತದೆ. ಇಬ್ಬರು ಅಜ್ಜಿಯರಲ್ಲಿ ಯಾರು ಮೊದಲು ಬಂದು ಇರಬೇಕು? ಅತ್ತೆಗೆ ಮೊಣಕಾಲು ನೋವು, ಅವ್ವನಿಗೆ ಊರಲ್ಲಿ ಎಮ್ಮೆ. ಎಮ್ಮೆಯನ್ನು ನೆರೆಯವರಿಗೆ ಒಪ್ಪಿಸಿ ಬಂದ ಅಜ್ಜಿ ತಿಂಗಳು ತುಂಬುವ ಮುನ್ನವೇ ಬೇಸರಗೊಳ್ಳುತ್ತಾಳೆ. ಮೂರನೆಯ ಮಹಡಿಯ ಮನೆಯಲ್ಲಿ ಮಾತನಾಡಲು ಕೂಸು ಬಿಟ್ಟರೆ ಇನ್ನಾರೂ ಇಲ್ಲ. ಕೂಸಿಗೋ ಇನ್ನೂ ಮಾತು ಬಂದಿಲ್ಲ. "ನಮ್ಮೂರಾಗ ಆಗಿದ್ರ ಇಷ್ಟೊತ್ತಿಗೆ ಹತ್ತು ಮಂದಿ ಎತ್ಕಂಡಿರತಿದ್ರು" ಎಂಬ ಅವಳ ಮಾತನ್ನು ಮಗಳು ದೂರೆಂದು ತಿಳಿಯುತ್ತಾಳೆ. ಅದು ದೂರಲ್ಲ, ಲೆಕ್ಕ. ಹತ್ತು ಮಂದಿಯ ಕೆಲಸವನ್ನು ಒಬ್ಬ ಮುದುಕಿ ಮಾಡುತ್ತಿದ್ದಾಳೆ.

ಪಟ್ಟಣದಲ್ಲಿ ದುಡ್ಡು ಇದ್ದವರಿಗೆ ದಾರಿಗಳುಂಟು. ಆಯಾ ಸಿಗುತ್ತಾಳೆ, ಕೂಸುಗಳನ್ನು ನೋಡಿಕೊಳ್ಳುವ ಖಾಸಗಿ ಮನೆಗಳಿವೆ. (ಆ ಆಯಾಳ ಕೂಸನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಸಭ್ಯ ಮನೆಗಳಲ್ಲಿ ಕೇಳುವ ರೂಢಿಯಿಲ್ಲ.) ಆದ್ದರಿಂದ ಹೊಸಪೇಟೆಯ ಮಾತು ಇಷ್ಟಕ್ಕೇ ಸಾಕು. ವಿಷಯದ ತಿರುಳು ಇರುವುದು ಕಂಪ್ಲಿಯ ಗದ್ದೆಗಳಲ್ಲಿ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು, ಅಣೆಕಟ್ಟಿಗೆ ನೀರು ಬಂದು, ಕಾಲುವೆಗಳಿಗೆ ಬಿಟ್ಟರೆಂದರೆ ಕಂಪ್ಲಿಯ ಸುತ್ತಿನ ನೆಲ ಒಂದೇ ಕೆಸರಾಗುತ್ತದೆ. ಭತ್ತದ ನಾಟಿ ಹೆಂಗಸರ ಕೆಲಸ. ಹತ್ತು ಹದಿನೈದು ಜನರ ಗುಂಪು. ಕೂಲಿ ಬಹುತೇಕ ಗುತ್ತಿಗೆಯ ಮೇಲೆ, ಎಕರೆಗೆ ಇಷ್ಟೆಂದು. ಗುತ್ತಿಗೆಯ ಗುಟ್ಟೇನೆಂದರೆ, ಗುಂಪು ಎಷ್ಟು ಬೇಗ ಕೈಯಾಡಿಸಿದರೆ ಅಷ್ಟು ಹೆಚ್ಚು ಎಕರೆ, ಅಷ್ಟು ಹೆಚ್ಚು ದುಡ್ಡು. ಹಾಲೂಡಿಸಲು ಬದುವಿಗೆ ಹೋಗಿ ಕುಳಿತವಳ ಸಾಲನ್ನು ಉಳಿದವರು ಹಂಚಿಕೊಂಡು ನಡಬೇಕು. ಒಂದು ಸಲ ಯಾರೂ ಏನೂ ಅನ್ನುವುದಿಲ್ಲ. ಎರಡನೆಯ ಸಲ ಯಾರೋ ಒಬ್ಬಳು ನಗುತ್ತಲೇ ಒಂದು ಮಾತು ಆಡುತ್ತಾಳೆ. ಮೂರನೆಯ ದಿನ ತಾಯಿ ಕೂಸನ್ನು ಗದ್ದೆಗೆ ತರುವುದೇ ಇಲ್ಲ.

ಗುಂಪು ಹೊರಡುವುದು ಬೆಳಗಿನ ಆರೂವರೆ, ಏಳರ ಹೊತ್ತಿಗೆ. ಮೇಸ್ತ್ರಿಯ ಆಟೋ ಓಣಿಯ ಬಾಯಿಗೆ ಬಂದು ಹಾರ್ನು ಬಾರಿಸುವಷ್ಟರಲ್ಲಿ ರೊಟ್ಟಿ ಬಡಿದಿರಬೇಕು, ಬುತ್ತಿ ಕಟ್ಟಿರಬೇಕು, ಕೂಸಿಗೆ ಒಂದು ಸಲ ಹಾಲು ಆಗಿರಬೇಕು. ಊರಿನ ಅಂಗನವಾಡಿ ತೆರೆಯುವ ಹೊತ್ತಿಗೆ ಗದ್ದೆಯಲ್ಲಿ ಎರಡು ಮೂರು ಗಂಟೆಯ ಕೆಲಸ ಆಗಿಹೋಗಿರುತ್ತದೆ. ಹೊತ್ತಿನ ಮಾತು ಹಾಗಿರಲಿ, ವಯಸ್ಸಿನ ಮಾತು ಇನ್ನೂ ದೊಡ್ಡದು. ಅಂಗನವಾಡಿಯಲ್ಲಿ ಕುಳಿತು ಆಡಿ ಉಣ್ಣುವ ಹಕ್ಕು ಮೂರು ವರ್ಷ ತುಂಬಿದ ಮಕ್ಕಳದು. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಕೂಸುಗಳಿಗೆ ಪೌಷ್ಟಿಕ ಆಹಾರವನ್ನು ಮನೆಗೆ ಕಟ್ಟಿಕೊಡುತ್ತಾರೆ, ತೂಕ ನೋಡುತ್ತಾರೆ, ಚುಚ್ಚುಮದ್ದಿನ ದಿನ ನೆನಪಿಸುತ್ತಾರೆ. ಕೂಸನ್ನು ದಿನವಿಡೀ ಇರಿಸಿಕೊಳ್ಳುವುದು ಮಾತ್ರ ಅಂಗನವಾಡಿಯ ಪದ್ಧತಿಯಲ್ಲಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಈ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದ ಅದು ಮಾಡಿರುವ ಉಪಕಾರ ಸಣ್ಣದಲ್ಲ. ಆದರೆ ಮೂರು ವರ್ಷದೊಳಗಿನ ಕೂಸಿಗೆ ಮನೆಯಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆಂದು ನಂಬಿ ಅದನ್ನು ಕಟ್ಟಿದಂತಿದೆ.

ಆ "ಯಾರೋ ಒಬ್ಬರು" ಶಾಲೆಯ ಹಾಜರಿ ಪುಸ್ತಕದಲ್ಲಿ ಸಿಗುತ್ತಾಳೆ. ಶಾಲೆ ತೆರೆಯುವುದು ಮೇ ಕೊನೆ, ಜೂನ್ ಮೊದಲಿಗೆ. ನಾಟಿ ಜೋರಾಗುವುದು ಜುಲೈ, ಆಗಸ್ಟಿನಲ್ಲಿ. ಮೂರನೆಯ ತರಗತಿಯಲ್ಲಿ ಮಗ್ಗಿ ಕಲಿಸುವ, ಒತ್ತಕ್ಷರ ತಿದ್ದಿಸುವ ದಿನಗಳೂ ಅವೇ. ಅಕ್ಕನಾದವಳು ಸೋಮವಾರ ಬರುತ್ತಾಳೆ, ಮಂಗಳವಾರ ಇಲ್ಲ, ಬುಧವಾರ ಇಲ್ಲ. ಗುರುವಾರ ಬಂದಾಗ ಟೀಚರು ಕೇಳುತ್ತಾರೆ: "ಎರಡು ದಿನ ಯಾಕೆ ಬಂದಿಲ್ಲ?"

"ತಮ್ಮನ್ನ ನೋಡ್ಕಣಾಕ ಯಾರಿದ್ದಿಲ್ರೀ ಟೀಚರ್."

ಇದಕ್ಕೆ ಟೀಚರರ ಬಳಿ ಉತ್ತರವಿಲ್ಲ. ಕೆಲವರು ಬೈಯುತ್ತಾರೆ, ಕೆಲವರು ತಮ್ಮನನ್ನೂ ಕರೆದುಕೊಂಡು ಬಾ ಎನ್ನುತ್ತಾರೆ. ಹಾಗೆ ಬಂದ ತಮ್ಮ ಮೊದಲ ಅರ್ಧ ಗಂಟೆ ಬಳಪ ತಿನ್ನುತ್ತಾನೆ, ಎರಡನೆಯ ಅರ್ಧ ಗಂಟೆ ಅಳುತ್ತಾನೆ, ಅನಂತರ ಅಕ್ಕನ ಪಾಟಿಯ ಮೇಲೆಯೇ ತಲೆಯಿಟ್ಟು ನಿದ್ದೆಹೋಗುತ್ತಾನೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣವೆಂದು 2009ರಲ್ಲಿ ಕಾಯಿದೆ ಆಯಿತು. ಅಕ್ಕನಿಗೆ ಅದು ಅನ್ವಯಿಸುತ್ತದೆ. ತಮ್ಮನನ್ನು ಯಾರು ಹಿಡಿಯಬೇಕೆಂದು ಮಾತ್ರ ಆ ಕಾಯಿದೆ ಹೇಳುವುದಿಲ್ಲ.

ಅಕ್ಕ ಕಲಿಯದೆ ಹೋಗುವುದು ಒಂದು ನಷ್ಟ. ತಮ್ಮನಿಗೂ ಅದರಿಂದ ಲಾಭವಿಲ್ಲ ಎಂಬುದನ್ನು ಮನೆಯ ಹಿರಿಯರು ಗಮನಿಸುವುದು ಕಡಿಮೆ. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲು ಸಾಕು. ಆಮೇಲೆ ಎರಡು ವರ್ಷದವರೆಗಿನ ಕಾಲ ಬಹು ನಾಜೂಕಾದದ್ದು. ಹೊಟ್ಟೆ ಪುಟ್ಟದು, ಬೆಳವಣಿಗೆ ದೊಡ್ಡದು. ಒಂದೇ ಸಲ ಹೆಚ್ಚು ಉಣಿಸಲಾಗದು. ಹಾಲಿನಲ್ಲಿ ನೆನೆಸಿ ನುರಿದ ರೊಟ್ಟಿ, ತೊವ್ವೆ ಕಲಸಿದ ಅನ್ನ, ಒಂದು ಸುಗಂಧಿ ಬಾಳೆಹಣ್ಣು, ಹೀಗೆ ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪವಾಗಿ, ಕೈ ತೊಳೆದು, ಸಮಾಧಾನದಿಂದ ತಿನ್ನಿಸಬೇಕು. ಉಗುಳಿದ್ದನ್ನು ಒರೆಸಿ ಮತ್ತೆ ತಿನ್ನಿಸಬೇಕು. ಇದು ದೊಡ್ಡವರ ತಾಳ್ಮೆಯನ್ನೇ ಪರೀಕ್ಷಿಸುವ ಕೆಲಸ. ಎಂಟು ವರ್ಷದ ಹುಡುಗಿ ಪ್ರೀತಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ತಮ್ಮನಿಗಾಗಿ ಓಣಿಯ ಹುಡುಗರೊಡನೆ ಹೊಡೆದಾಡಿಯೂ ಬರುತ್ತಾಳೆ. ಆದರೆ ಅವಳೂ ಮಗು. ಕುಂಟಬಿಲ್ಲೆಯ ಆಟ ರಂಗೇರಿದಾಗ ತಮ್ಮನ ಮೂರನೆಯ ಊಟ ಮರೆತುಹೋಗುತ್ತದೆ. ಅಳುವ ಬಾಯಿಗೆ ಐದು ರೂಪಾಯಿಯ ಕುರುಕಲು ಪೊಟ್ಟಣ ಬೀಳುತ್ತದೆ. ತಿಂಗಳ ಕೊನೆಗೆ ಅಂಗನವಾಡಿಯ ತಕ್ಕಡಿ ಸುಳ್ಳು ಹೇಳುವುದಿಲ್ಲ.

ಇನ್ನು ಕಾಲುವೆಯ ಭಯ ಬೇರೆ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಹಲವು ಇಂದಿಗೂ ಹರಿಯುತ್ತಿವೆ. ರಾಯ ಕಾಲುವೆ, ಬಸವ ಕಾಲುವೆ, ತುರ್ತು ಕಾಲುವೆಗಳ ದಂಡೆಯಲ್ಲಿ ಮನೆಗಳಿವೆ, ಬಟ್ಟೆ ಒಗೆಯುವ ಮೆಟ್ಟಿಲುಗಳಿವೆ. ಹೊಸದಾಗಿ ನಡೆ ಕಲಿತ ಕೂಸಿಗೆ ಹರಿಯುವ ನೀರಿನಷ್ಟು ಅಂದವಾದ ವಸ್ತು ಬೇರಿಲ್ಲ. ಕಂಪ್ಲಿಯ ಕೋಟೆಯ ಕಡೆಯವರಿಗೆ ಹೊಳೆಯ ಭಯವೂ ಸೇರಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋದಾಗ ಹೊಳೆಯ ದಂಡೆಯವರೆಲ್ಲ ಎಚ್ಚರವಾಗಿರಬೇಕೆಂದು ಸಾರಿದರು. ದೊಡ್ಡವರು ನೀರಿನ ಮಟ್ಟ ನೋಡಲು ಓಡುತ್ತಾರೆ; ಮಲಗಿದ ಕೂಸನ್ನು ಮೊದಲು ಎತ್ತಿಕೊಳ್ಳಬೇಕೆಂಬ ಜವಾಬ್ದಾರಿ ಇಂಥ ರಾತ್ರಿಗಳಲ್ಲಿಯೂ ಅಕ್ಕನದೇ.

ಕಂಪ್ಲಿಯಿಂದ ಸಂಡೂರಿನ ಬೆಟ್ಟಗಳಿಗೆ ಬಂದರೆ ನೋಟ ಬದಲಾಗುತ್ತದೆ. ಕೆಂಪು ಮಣ್ಣು, ಹಸಿರು ಕಣಿವೆ. ಬೆಟ್ಟದ ಮೇಲೆ ಪಾರ್ವತಿಯ ಗುಡಿ, ಅದರ ಪಕ್ಕದಲ್ಲೇ ಕುಮಾರಸ್ವಾಮಿಯ ಗುಡಿ. ಕುಮಾರನು ತಾಯಿಯ ಮೇಲೆ ಮುನಿದು ಬಂದು ಇಲ್ಲಿ ನಿಂತನೆಂದು ಐತಿಹ್ಯ. ಹೆಂಗಸರು ಅವನ ದರ್ಶನ ಮಾಡಬಾರದೆಂಬ ಕಟ್ಟಳೆ ಬಹುಕಾಲ ನಡೆದುಬಂದದ್ದು. ಹಂಪಿಯ ಗಣಪತಿಗೆ ತಾಯಿಯ ಮಡಿಲು ದೊರೆಯಿತು. ಸಂಡೂರಿನ ತಮ್ಮನಿಗೆ ತಾಯಿ ಪಕ್ಕದ ಗುಡಿಯಲ್ಲಿದ್ದೂ ಮಡಿಲಿಗೆ ದೂರ. ದುಡಿಯಲು ಹೋಗುವ ತಾಯಂದಿರ ಕೂಸುಗಳ ಪಾಡು ಈ ಎರಡನೆಯವನದು.

ಸಂಡೂರಿನ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಕಸೂತಿ ಪ್ರಸಿದ್ಧ. ಕವಡೆ, ಕನ್ನಡಿಚೂರು, ಬಣ್ಣದ ದಾರ ಸೇರಿಸಿ ಹೊಲಿಯುವ ಈ ಕೆಲಸಕ್ಕೆ 2010ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯಗುಂಪಿನ ಸಭೆ ಸೇರಿದಾಗ ಸಂಡೂರು ಕುಶಲ ಕಲಾ ಕೇಂದ್ರದ ನಾನೂರೈವತ್ತಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳನ್ನು ಒಂದೆಡೆ ಇರಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಪರದೇಶದವರು ಬಣ್ಣವನ್ನು ಮೆಚ್ಚಿದರು. ಮನೆವಾರ್ತೆಯ ಕಣ್ಣಿನಿಂದ ನೋಡುವವರಿಗೆ ಈ ಕಸೂತಿಯಲ್ಲಿ ಇನ್ನೊಂದು ಗುಣ ಕಾಣುತ್ತದೆ. ಸೂಜಿಯನ್ನು ಯಾವ ಗಳಿಗೆಯಲ್ಲಾದರೂ ಬಟ್ಟೆಗೆ ಸಿಕ್ಕಿಸಿ ಎದ್ದುಹೋಗಬಹುದು. ಕೂಸಿಗೆ ಹಾಲು ಕೊಟ್ಟು ಬಂದು ಅದೇ ಹೊಲಿಗೆಯಿಂದ ಮುಂದುವರಿಸಬಹುದು. ಗದ್ದೆಯ ಗುತ್ತಿಗೆಗೆ ಇಲ್ಲದ ಸೈರಣೆ ಈ ಬಟ್ಟೆಗೆ ಉಂಟು. ಹೊಸ್ತಿಲ ಬಳಿ ಕುಳಿತ ಅವ್ವ ಕಾಲಿನ ಹೆಬ್ಬೆರಳಿಗೆ ಜೋಲಿಯ ಹಗ್ಗ ಸಿಕ್ಕಿಸಿಕೊಂಡು, ಕೈಯಲ್ಲಿ ಹೊಲಿಯುತ್ತ ಕಾಲಲ್ಲಿ ತೂಗುತ್ತಾಳೆ. ಅಂಥ ಮನೆಯಲ್ಲಿ ಅಕ್ಕನಿಗೆ ಶಾಲೆಗೆ ಹೋಗಲು ತಡೆಯಿಲ್ಲ. ಹೆಣ್ಣುಮಕ್ಕಳಿಗೆ ದುಡಿಮೆ ಹುಡುಕುವವರು ಕೂಲಿಯ ಮೊತ್ತದ ಜೊತೆಗೆ ಇದನ್ನೂ ಎಣಿಸುವುದು ಒಳ್ಳೆಯದು.

ಆದರೆ ತಾಂಡಾದ ಎಲ್ಲರ ಹೊಟ್ಟೆಯೂ ಸೂಜಿಯಿಂದ ತುಂಬುವುದಿಲ್ಲ. ಸುಗ್ಗಿಯ ಕೆಲಸ ಮುಗಿದ ಮೇಲೆ ಈ ಸೀಮೆಯ ಎಷ್ಟೋ ಲಂಬಾಣಿ ಸಂಸಾರಗಳು ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕಾಫಿ ಕೊಯ್ಯಲು ಚಿಕ್ಕಮಗಳೂರಿನ ಕಡೆಗೆ ಗಂಟುಮೂಟೆ ಕಟ್ಟುತ್ತವೆ. ಹೊರಡುವ ಹಿಂದಿನ ರಾತ್ರಿ ಪ್ರತಿ ಮನೆಯಲ್ಲೂ ಒಂದೇ ಚರ್ಚೆ: ಯಾವ ಮಗು ಬರುವುದು, ಯಾವುದು ಉಳಿಯುವುದು? ಮೊಲೆಯುಣ್ಣುವ ಕೂಸು ತಾಯಿಯೊಡನೆ ಹೋಗಲೇಬೇಕು. ಓದುವ ಮಗ ಅಜ್ಜಿಯ ಬಳಿ ಉಳಿಯುತ್ತಾನೆ. ಕೂಸನ್ನು ಕಬ್ಬಿನ ಗದ್ದೆಯಲ್ಲಿ ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ಆದ್ದರಿಂದ ಓದುವ ಮಗಳು ಗಾಡಿ ಹತ್ತುತ್ತಾಳೆ. ಅವಳ ಪುಸ್ತಕದ ಚೀಲವೂ ಮೂಟೆಯೊಡನೆ ಹೋಗುವುದುಂಟು. ಅಲ್ಲಿ ಅದನ್ನು ಬಿಚ್ಚುವುದಕ್ಕೆ ಬಿಡುವಾಗುವುದು ಅಪರೂಪ.

ಗಣಿಗಳ ಮಾತು ಬಾರದೆ ಸಂಡೂರಿನ ಮಾತು ಮುಗಿಯದು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ಬೆಟ್ಟದ ಬುಡದಲ್ಲಿ ಸಂಸಾರಗಳೇ ಬೀಡುಬಿಟ್ಟು ಅದಿರು ಒಡೆದವು. ಆ ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ಕುರಿತು 2005ರಲ್ಲಿ ಒಂದು ಸತ್ಯಶೋಧನಾ ತಂಡ ವರದಿಯನ್ನೇ ಪ್ರಕಟಿಸಿತು. ಹೆಂಗಸರು ದುಡಿಯುವ ಗಣಿಗಳಲ್ಲಿ ಶಿಶುವಿಹಾರ ಇರಬೇಕೆಂಬ ನಿಯಮ ಆಗ ಹೊಸತೇನೂ ಅಲ್ಲ, 1966ರಲ್ಲೇ ಬರೆದಿಟ್ಟದ್ದು. ಕಾಗದದ ಮೇಲಿನ ತೊಟ್ಟಿಲನ್ನು ತೂಗಲು ಬರುವುದಿಲ್ಲ, ಅಷ್ಟೇ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಬೆಟ್ಟಕ್ಕೆ ಉಸಿರಾಡಲು ಬಿಡುವಾಯಿತೆಂದು ಬಲ್ಲವರು ಸಂತೋಷಪಟ್ಟರು. ಸಂತೋಷಕ್ಕೆ ಕಾರಣವೂ ಇದ್ದಿತು. ದಿನಗೂಲಿಯ ಮನೆಗಳಲ್ಲಿ ಮಾತ್ರ ಅಂದಿನಿಂದ ಬೇರೆ ಊರಿನ ದಾರಿಯ ಮಾತು ಶುರುವಾಯಿತು. ಹೊಸ ಊರಿನಲ್ಲಿ ಕೂಸಿಗೆ ಅಜ್ಜಿಯಿಲ್ಲ, ನೆರೆಹೊರೆಯಿಲ್ಲ, ಅಕ್ಕ ಒಬ್ಬಳೇ.

ವಿಚಿತ್ರವೆಂದರೆ ಅದೇ ದಿನ, 2011ರ ಜುಲೈ 29ರಂದೇ, ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಬುಲ್ಡೋಜರು ಕೆಲಸ ಆರಂಭಿಸಿತು. ಹಳೆಯ ಮಂಟಪಗಳ ಸಾಲಿಗೆ ಆತುಕೊಂಡು ಬೆಳೆದಿದ್ದ ಅಂಗಡಿಗಳೂ ಮನೆಗಳೂ ನೆಲಕ್ಕುರುಳಿದವು. ಮುನ್ನೂರಕ್ಕೂ ಹೆಚ್ಚು ಸಂಸಾರಗಳು ಜಾಗ ಕಳೆದುಕೊಂಡವು. ಅವರಿಗೆ ಬಳಿಕ ಕಡ್ಡಿರಾಂಪುರದ ಕಡೆ ನಿವೇಶನ ಗೊತ್ತುಮಾಡಿದರು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಮಾರಕಗಳನ್ನು ಕಾಪಾಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬಜಾರನ್ನು ಎಬ್ಬಿಸಿದಾಗ ಲೆಕ್ಕಕ್ಕೆ ಬರುವುದು ಗೋಡೆ, ಚಾವಣಿ, ಅಂಗಡಿಯ ಅಗಲ. ಎದುರು ಮನೆಯ ಅಜ್ಜಿ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಪ್ರವಾಸಿಗರಿಗೆ ಬೆಳಗಿನ ಉಪಾಹಾರ ಮಾಡಿಕೊಡುವ ಹೆಂಗಸು, "ಅಜ್ಜೀ, ಒಂದೀಟು ನೋಡ್ಕಳವ್ವಾ" ಎಂದು ಕೂಸನ್ನು ಎದುರಿನ ಜಗಲಿಯಲ್ಲಿ ಬಿಟ್ಟು ಒಲೆ ಹಚ್ಚಬಹುದಾಗಿತ್ತು. ಜಗಲಿ ಒಂದು ಕಡೆಗೂ ಅಂಗಡಿ ಒಂದು ಕಡೆಗೂ ಆದ ಮೇಲೆ ಆ ಏರ್ಪಾಡು ನಿಲ್ಲುತ್ತದೆ. ಹಣ ಕೊಟ್ಟು ಪಡೆದದ್ದಲ್ಲವಾದುದರಿಂದ ಅದಕ್ಕೆ ಪರಿಹಾರವೂ ಇಲ್ಲ.

ಹಂಪಿಯ ವಿಷಯ ಬಂದಾಗ ಇನ್ನೊಂದು ಸಂಗತಿ. ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು, ಗುಡಿ ಕಟ್ಟಿಸಿ, 1515ರಲ್ಲಿ ಪ್ರತಿಷ್ಠಾಪಿಸಿದ. ಗುಡಿ ಈಗಲೂ ಇದೆ. ಬಾಲಕೃಷ್ಣ ಮಾತ್ರ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದ್ದಾನೆ. ರಾಜ್ಯ ಗೆದ್ದವನೊಬ್ಬ ಕೂಸನ್ನು ಅಷ್ಟು ದೂರದಿಂದ ಹೊತ್ತು ತಂದನೆಂಬುದೇ ಒಂದು ಸೊಗಸು; ಗಂಡಸರು ಕೂಸನ್ನು ಎತ್ತಿಕೊಂಡ ನಿದರ್ಶನಗಳು ಆ ಸೀಮೆಯ ಇತಿಹಾಸದಲ್ಲಿ ಹೇರಳವಾಗಿ ಸಿಗುವುದಿಲ್ಲ.

ಗಂಡಸರ ಮಾತು ಬಂತು. ಅಪ್ಪಂದಿರಿಗೆ ಮಕ್ಕಳ ಮೇಲೆ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು. ಸಂಜೆ ಮಂಡಾಳು ಮಿರ್ಚಿಯ ಪೊಟ್ಟಣ ಹಿಡಿದು ಬರುವ ಅಪ್ಪನ ಕಾಲಿಗೆ ಮಕ್ಕಳು ತೊಡರಿಕೊಳ್ಳುವುದನ್ನು ಎಲ್ಲ ಓಣಿಗಳಲ್ಲೂ ನೋಡಬಹುದು. ಆದರೆ ಪೊಟ್ಟಣ ಹಿಡಿದು ಬರುವುದು ಬೇರೆ, ಕೂಸಿನ ಬಟ್ಟೆ ಬದಲಿಸುವುದು ಬೇರೆ. ನಾಟಿಯ ತಿಂಗಳಲ್ಲಿ ಹೊಲ ಉತ್ತು ಕೆಸರು ಮಾಡಿಕೊಟ್ಟ ಗಂಡಸಿಗೆ ಕೆಲವು ದಿನ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಅವನು ಅರಳಿಕಟ್ಟೆಯ ಮೇಲೆ ಕುಳಿತು ದೇಶದ ರಾಜಕಾರಣವನ್ನು ಸರಿಪಡಿಸುತ್ತಾನೆ. ಅವನ ಕಣ್ಣೆದುರಿನಲ್ಲೇ ಅವನ ಮಗಳು ಅವನ ಮಗನನ್ನು ಹೊತ್ತು ಶಾಲೆಯ ಬಾಗಿಲ ಮುಂದೆ ಹಾದುಹೋಗುತ್ತಾಳೆ. ಕೂಸನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕುಳಿತರೂ ರಾಜಕಾರಣದ ಮಾತಿಗೆ ಭಂಗ ಬರುವುದಿಲ್ಲ. ಕೆಲವು ಮನೆಗಳಲ್ಲಿ ಹೀಗೆ ಮಾಡುವ ಎಳೆಯ ಅಪ್ಪಂದಿರು ಕಾಣತೊಡಗಿದ್ದಾರೆ. ಮೊದಲ ವಾರ ಗೆಳೆಯರು ನಕ್ಕರೂ ಎರಡನೆಯ ವಾರ ಕೂಸನ್ನು ತಾವೂ ಒಂದು ಗಳಿಗೆ ಎತ್ತಿಕೊಳ್ಳುತ್ತಾರೆ.

ಕಾನೂನಿನ ಕಡೆಯಿಂದ ಏನೂ ಆಗಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯಿದೆ ಹೆಂಗಸರು ಹೆಚ್ಚಾಗಿ ದುಡಿಯುವ ಕಾರ್ಖಾನೆಗಳಲ್ಲಿ ಶಿಶುವಿಹಾರ ಇರಬೇಕೆಂದಿತು. 2017ರಲ್ಲಿ ಹೆರಿಗೆ ರಜೆಯನ್ನು ಹನ್ನೆರಡು ವಾರದಿಂದ ಇಪ್ಪತ್ತಾರು ವಾರಕ್ಕೆ ಏರಿಸಿದರು. ಐವತ್ತು ಮಂದಿ ದುಡಿಯುವ ಕಡೆ ಕೂಸುಗಳಿಗೆ ಕೋಣೆ ಬೇಕೆಂದರು. ಅದೇ ವರ್ಷ ಅಕ್ಟೋಬರ್ 2ರಿಂದ ಕರ್ನಾಟಕದ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನ ಬಿಸಿಯೂಟ ಬಡಿಸುವ ಮಾತೃಪೂರ್ಣ ಯೋಜನೆ ಬಂದಿತು. ಎಲ್ಲವೂ ಒಳ್ಳೆಯವೇ. ಆದರೆ ಮೇಸ್ತ್ರಿಯ ಆಟೋ ಹತ್ತುವ ಹೆಂಗಸಿಗೆ ರಜೆ ಕೊಡುವ ಯಜಮಾನನೇ ಇಲ್ಲ. ಇವತ್ತು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರದು. ಬಿಸಿಯೂಟದ ಹೊತ್ತಿಗೆ ಅವಳು ಊರಿನಿಂದ ಮೂರು ಮೈಲಿ ಆಚೆ, ಮೊಣಕಾಲುದ್ದದ ಕೆಸರಿನಲ್ಲಿರುತ್ತಾಳೆ.

2005ರ ಉದ್ಯೋಗ ಖಾತರಿ ಕಾಯಿದೆ ಈ ಹೆಂಗಸನ್ನು ಮೊದಲ ಬಾರಿಗೆ ಗಮನಿಸಿತು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ, ದುಡಿಯುವವರಲ್ಲೇ ಒಬ್ಬಳನ್ನು ಅವರನ್ನು ನೋಡಿಕೊಳ್ಳಲು ನೇಮಿಸಬೇಕು, ಅವಳಿಗೂ ಉಳಿದವರಷ್ಟೇ ಕೂಲಿ ಕೊಡಬೇಕು ಎಂದು ವಿಧಿಸಿತು. ಕೂಸನ್ನು ನೋಡಿಕೊಳ್ಳುವುದೂ ಮಣ್ಣು ಹೊರುವಷ್ಟೇ ಕೆಲಸವೆಂದು ಸರ್ಕಾರದ ಕಾಗದವೊಂದು ಒಪ್ಪಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಬಹಳ ವರ್ಷಗಳ ಅನಂತರ, 2023ರ ಆಯವ್ಯಯದಲ್ಲಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ"ಗಳನ್ನು ತೆರೆಯುವ ಮಾತು ಬಂದಿತು. ಹೆಸರಿಟ್ಟವರು ಯಾರೋ, ಪುಣ್ಯಾತ್ಮರು. ಯೋಜನೆಗಳಿಗೆ ಇಷ್ಟು ಹಿತವಾದ ಹೆಸರು ಬೀಳುವುದು ವಿರಳ. ಊರಿನ ಹೆಂಗಸರನ್ನೇ ಆರಿಸಿ, ತರಬೇತಿ ಕೊಟ್ಟು, ಕೂಸುಗಳಿಗೆ ಉಣಿಸುವ, ಆಡಿಸುವ, ಮಲಗಿಸುವ ಕೆಲಸವನ್ನು ಅವರಿಗೆ ಒಪ್ಪಿಸುವುದು ಇದರ ಬಗೆ.

ಊರಿನವರೇ ಇರುವುದರಿಂದ ಇನ್ನೊಂದು ಅನುಕೂಲವೂ ಉಂಟು. ಈ ಸೀಮೆಯ ಕೂಸುಗಳು ಒಂದೇ ಭಾಷೆಯಲ್ಲಿ ಅಳುವುದಿಲ್ಲ. ಕಂಪ್ಲಿಯ ಸುತ್ತಿನ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು, ತಾಂಡಾದಲ್ಲಿ ಲಂಬಾಣಿ, ಹೊಸಪೇಟೆಯ ಹಲವು ಓಣಿಗಳಲ್ಲಿ ಉರ್ದು. ಎರಡು ವರ್ಷದ ಕೂಸು ನೀರು ಕೇಳಿದರೆ ಅದು ನೀರನ್ನೇ ಕೇಳಿತೆಂದು ತಿಳಿಯುವವರು ಬೇಕು. ಒಳ್ಳೆಯ ಆರೈಕೆಯವಳಿಗೆ ಮೂರು ಭಾಷೆಯಲ್ಲಿ ನೀರು, ಅನ್ನ, ಹೊಟ್ಟೆನೋವು ಎಂಬ ಮಾತುಗಳಾದರೂ ಬಂದರೆ ಸಾಕು. ಆ ಸೀಮೆಯ ಹೆಂಗಸರಿಗೆ ಅದು ಕಷ್ಟವಲ್ಲ, ಸಂತೆಯಲ್ಲೇ ಕಲಿತಿರುತ್ತಾರೆ.

ಕಷ್ಟವಿರುವುದು ಗಡಿಯಾರದಲ್ಲಿ. ಕೂಸಿನ ಮನೆಯೂ ಕಚೇರಿಯ ಹೊತ್ತಿಗೆ ಬಾಗಿಲು ತೆರೆದರೆ ನಾಟಿಯ ಗುಂಪಿಗೆ ಅದು ಇದ್ದೂ ಇಲ್ಲದಂತೆ. ಹತ್ತು ಗಂಟೆಯವರೆಗೆ ಕೂಸನ್ನು ಹಿಡಿದು ಕುಳಿತಿರುವ ಅಕ್ಕ, ಅದನ್ನು ಒಪ್ಪಿಸಿ ಶಾಲೆಗೆ ಓಡುವಷ್ಟರಲ್ಲಿ ಪ್ರಾರ್ಥನೆ ಮುಗಿದು ಹಾಜರಿ ಆಗಿರುತ್ತದೆ. ತಡವಾಗಿ ಬಂದವಳೆಂದು ಬೈಸಿಕೊಳ್ಳುವುದಕ್ಕಿಂತ ಹೋಗದಿರುವುದೇ ವಾಸಿ ಎಂದು ಅವಳಿಗೆ ತೋರುತ್ತದೆ. ನಾಟಿಯ ಎರಡು ತಿಂಗಳು ಮತ್ತು ಕೊಯ್ಲಿನ ಒಂದು ತಿಂಗಳು ಬೆಳಗಿನ ಆರೂವರೆಗೆ ಬಾಗಿಲು ತೆರೆದು, ಉಳಿದ ತಿಂಗಳಲ್ಲಿ ಮಾಮೂಲು ಹೊತ್ತು ಇಟ್ಟುಕೊಂಡರೆ ಖರ್ಚೇನೂ ಹೆಚ್ಚದು. ಅದನ್ನು ಗೊತ್ತುಮಾಡಲು ರಾಜಧಾನಿಯಿಂದ ಆದೇಶ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಕಾಲುವೆಗೆ ನೀರು ಬಿಡುವ ದಿನ ಊರಿಗೆಲ್ಲ ಮುಂಚಿತವಾಗಿಯೇ ತಿಳಿದಿರುತ್ತದೆ. ಪಂಚಾಯಿತಿಯ ಸಭೆಯಲ್ಲಿ ಆ ದಿನದ ಪಕ್ಕಕ್ಕೆ ಕೂಸಿನ ಮನೆಯ ಹೊತ್ತನ್ನೂ ಬರೆದುಕೊಳ್ಳಬಹುದು. ಸಭೆಯಲ್ಲಿ ಅರ್ಧ ಆಸನ ಹೆಂಗಸರದು. ಅವರಲ್ಲಿ ಹಲವರು ತಾವೇ ಒಂದು ಕಾಲಕ್ಕೆ ತಮ್ಮನನ್ನು ಹೊತ್ತು ನಿಂತ ಅಕ್ಕಂದಿರು.